ಉಸಿರಿನ ಎಣಿಕೆ: ಆಸ್ಪತ್ರೆ ಚಾರ್ಟಿನ ಅಲಕ್ಷಿತ ಅಂಕಿ

ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ನರ್ಸಿಂಗ್ ಹೋಂ ಇರಲಿ, ದಾಖಲಾದ ಪ್ರತಿಯೊಬ್ಬ ರೋಗಿಯ ಹೆಸರಿನಲ್ಲೂ ಒಂದು ಚಾರ್ಟ್ ಇರುತ್ತದೆ. ಆಸ್ಪತ್ರೆಯವರ ಮಾತಿನಲ್ಲಿ ಅದು ಟಿಪಿಆರ್ ಚಾರ್ಟ್. ಟಿ ಎಂದರೆ ಟೆಂಪರೇಚರ್, ಪಿ ಎಂದರೆ ಪಲ್ಸ್, ಆರ್ ಎಂದರೆ ರೆಸ್ಪಿರೇಷನ್. ಮೈಬಿಸಿ, ನಾಡಿ, ಉಸಿರು ಎಂದು ಕನ್ನಡದಲ್ಲಿ ಹೇಳಬಹುದು. ಇವುಗಳ ಜೊತೆಗೆ ರಕ್ತದೊತ್ತಡವೂ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವ ಆಮ್ಲಜನಕದ ಪ್ರಮಾಣವೂ ಈಗ ದಾಖಲಾಗುತ್ತವೆ. ಈ ಐದು ಅಂಕಿಗಳಲ್ಲಿ ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಬಹಳ ಸಲ ಮೊದಲು ತಿಳಿಸುವುದು ಉಸಿರಿನ ಎಣಿಕೆ. ಸರಿಯಾಗಿ ಎಣಿಸದೆ ಅಂದಾಜಿನಲ್ಲಿ ಬರೆದುಬಿಡುವುದೂ ಹೆಚ್ಚಾಗಿ ಅದನ್ನೇ.

ಇದು ಯಾವುದೋ ಒಂದು ಊರಿನ, ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನ ಉಸಿರಿನ ದರವನ್ನು 'ಅಲಕ್ಷಿತ ಜೀವಲಕ್ಷಣ' ಎಂದೇ ಕರೆದಿತ್ತು. ಸಕಲ ಸೌಕರ್ಯವಿರುವ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲೂ ವಾರ್ಡಿನ ಚಾರ್ಟುಗಳನ್ನು ಒಟ್ಟುಹಾಕಿ ನೋಡಿದಾಗ ರೋಗಿಗಳ ಉಸಿರು 16, 18, 20 ಎಂಬ ಕೆಲವೇ ಅಂಕಿಗಳಲ್ಲಿ ಗುಂಪುಗೂಡಿರುವುದು ಕಂಡುಬಂದಿದೆ. ನ್ಯುಮೋನಿಯಾದವರಿಗೂ 18, ಕಾಲು ಮುರಿದುಕೊಂಡವರಿಗೂ 18. ಮನುಷ್ಯರ ಉಸಿರು ಇಷ್ಟು ಶಿಸ್ತಿನಿಂದ ನಡೆಯುವುದಿಲ್ಲ.

ಸಹಜ ಎಂದರೆ ಎಷ್ಟು?

ಆರಾಮವಾಗಿ ಕುಳಿತಿರುವ ಅಥವಾ ಮಲಗಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಎದೆ ಒಮ್ಮೆ ಏರಿ ಇಳಿದರೆ ಅದು ಒಂದು ಉಸಿರು. ನಿಮಿಷಕ್ಕೆ 16ರಂತೆ ಲೆಕ್ಕ ಹಾಕಿದರೂ ದಿನಕ್ಕೆ 23 ಸಾವಿರ ದಾಟುತ್ತದೆ. ಮಕ್ಕಳ ಲೆಕ್ಕ ಬೇರೆ. ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುವುದು ಸಹಜ; ವಯಸ್ಸು ಏರಿದಂತೆ ಈ ಸಂಖ್ಯೆ ಇಳಿಯುತ್ತ ಬರುತ್ತದೆ.

ಉಸಿರಾಟದ ಹತೋಟಿ ಇರುವುದು ತಲೆಬುರುಡೆಯ ಬುಡದಲ್ಲಿ, ಮಿದುಳು ಬೆನ್ನುಹುರಿಯನ್ನು ಸೇರುವ ಜಾಗದಲ್ಲಿ. ಆಮ್ಲಜನಕ ಕಡಿಮೆಯಾದಾಗ ಮಾತ್ರ ಉಸಿರು ಜೋರಾಗುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ. ವಾಸ್ತವದಲ್ಲಿ ಆ ಕೇಂದ್ರ ಕ್ಷಣಕ್ಷಣಕ್ಕೂ ನೋಡುತ್ತಿರುವುದು ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡನ್ನು ಮತ್ತು ಅದರಿಂದಾಗುವ ಆಮ್ಲೀಯತೆಯನ್ನು. ರಕ್ತದಲ್ಲಿ ಆಮ್ಲದ ಅಂಶ ಸ್ವಲ್ಪ ಹೆಚ್ಚಿದರೂ ಸಾಕು, ಕುಲುಮೆಯ ತಿದಿಯಂತೆ ಎದೆ ಬೇಗ ಬೇಗ ಏರಿಳಿದು ಇಂಗಾಲದ ಡೈ ಆಕ್ಸೈಡನ್ನು ಹೊರಗೆ ತಳ್ಳತೊಡಗುತ್ತದೆ.

ಆದ್ದರಿಂದಲೇ ಶ್ವಾಸಕೋಶಕ್ಕೆ ನೇರ ಸಂಬಂಧವಿಲ್ಲದ ಕಾಯಿಲೆಗಳಲ್ಲೂ ಉಸಿರಿನ ವೇಗ ಹೆಚ್ಚುತ್ತದೆ. ಗಾಯದ ಅಥವಾ ಮೂತ್ರಕೋಶದ ಸೋಂಕು ರಕ್ತಕ್ಕೆ ಹರಡಿ ನಂಜಾದಾಗ, ಹೆರಿಗೆಯ ನಂತರ ಒಳಗೇ ರಕ್ತ ಸೋರುತ್ತಿರುವಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ರಕ್ತ ಆಮ್ಲೀಯವಾದಾಗ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುವಾಗ, ಡೆಂಗ್ಯೂ ಜ್ವರದಲ್ಲಿ ರಕ್ತದ ದ್ರವಾಂಶ ಎದೆಗೂಡಿಗೆ ಇಳಿದಾಗ, ಕಾಲಿನ ರಕ್ತನಾಳದ ಹೆಪ್ಪು ಮೇಲಕ್ಕೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಾಗ ಎದೆಯ ಏರಿಳಿತ ಹೆಚ್ಚುತ್ತದೆ. ರಕ್ತದೊತ್ತಡ ಕುಸಿಯುವುದು ಬಹುಪಾಲು ಇದಕ್ಕಿಂತ ತಡವಾಗಿ. ದೇಹ ತನ್ನ ಶಕ್ತಿಯನ್ನೆಲ್ಲ ಬಳಸಿ ಒತ್ತಡವನ್ನು ಹಿಡಿದು ನಿಲ್ಲಿಸಿರುತ್ತದೆ. ಆ ಹೆಣಗಾಟ ಹೊರಗೆ ಕಾಣುವುದು ಉಸಿರಿನಲ್ಲಿ.

ಇನ್ನೂ ಒಂದು ಅಂಶವನ್ನು ಇಲ್ಲಿ ಸೇರಿಸಬೇಕು. ಪ್ಯಾರಸಿಟಮಾಲ್ ಕೊಟ್ಟರೆ ಜ್ವರದ ಅಂಕಿ ಇಳಿಯುತ್ತದೆ. ಬಿಪಿ ಅಥವಾ ಹೃದಯದ ಕಾಯಿಲೆಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ನುಂಗುವವರ ನಾಡಿ ಎಷ್ಟೇ ತೊಂದರೆಯಾದರೂ ಅಷ್ಟಾಗಿ ಏರುವುದಿಲ್ಲ. ವಯಸ್ಸಾದವರಿಗೆ ನ್ಯುಮೋನಿಯಾ ಬಂದಾಗ ಜ್ವರವಾಗಲಿ ಕೆಮ್ಮಾಗಲಿ ಇಲ್ಲದಿರುವುದೂ ಉಂಟು. ಹೀಗೆ ಚಾರ್ಟಿನ ಬೇರೆ ಕಾಲಂಗಳೆಲ್ಲ ಸುಮ್ಮನಿರುವಾಗಲೂ 26 ಅಥವಾ 28 ಎಂದು ಉಸಿರು ಹೇಳುತ್ತಿರಬಹುದು, ಎಣಿಸಿದವರಿದ್ದರೆ.

ಉಪಕರಣ ಸಿಗದ ಅಳತೆ

ಅಲಕ್ಷ್ಯಕ್ಕೆ ಕಾರಣ ಹುಡುಕಲು ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಬೇಕಾಗುತ್ತದೆ. ನಾಡಿಯನ್ನು ಗಡಿಯಾರ ಹಿಡಿದು ಎಣಿಸುವ ಪದ್ಧತಿಗೆ ಬುನಾದಿ ಹಾಕಿದವರು ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್. ಒಂದು ನಿಮಿಷ ಮಾತ್ರ ಓಡುವ ಗಡಿಯಾರವನ್ನು ಅದಕ್ಕಾಗಿಯೇ ಮಾಡಿಸಿ 1707ರಲ್ಲಿ ಅವರು ಪುಸ್ತಕ ಪ್ರಕಟಿಸಿದರು. 1860ರ ದಶಕದಲ್ಲಿ ಜರ್ಮನಿಯ ವುಂಡರ್‌ಲಿಖ್ ಜ್ವರದ ಏರಿಳಿತವನ್ನು ಕಾಯಿಲೆಯ ಗುರುತಾಗಿ ಓದಲು ಕಲಿಸಿದರು. ಅದೇ ದಶಕದಲ್ಲಿ ಆಲ್ಬಟ್ ಅವರ ಗಿಡ್ಡ ಥರ್ಮಾಮೀಟರ್ ಬಂದಿತು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನು ತಂದರೆ, 1905ರಲ್ಲಿ ರಷ್ಯಾದ ಕೊರೊಟ್ಕೊವ್ ಅದಕ್ಕೆ ಸ್ಟೆತಸ್ಕೋಪನ್ನು ಜೋಡಿಸಿದರು. ಜಪಾನಿನ ತಾಕುವೊ ಆವೊಯಾಗಿ 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ತತ್ವವನ್ನು ಮುಂದಿಟ್ಟರು. ಮೂರು ಕಾಲಂಗಳಿಗೆ ಕೈಗೆ ಸಿಗುವ ಉಪಕರಣ ಬಂದಿತು. ನಾಡಿಯನ್ನೂ ಅದೇ ಬಿಪಿ ಯಂತ್ರವೋ ಆಕ್ಸಿಮೀಟರೋ ತಾನೇ ತೋರಿಸಿಬಿಡುತ್ತದೆ. ಉಸಿರಿಗೆ ಮಾತ್ರ ಸಾಮಾನ್ಯ ವಾರ್ಡಿನಲ್ಲಿ ಇಂದಿಗೂ ಕಣ್ಣು ಮತ್ತು ಗಡಿಯಾರವೇ ಗತಿ.

ಯಂತ್ರ ತೋರಿಸಿದ್ದನ್ನು ಬರೆದುಕೊಳ್ಳಲು ಕೆಲವು ಸೆಕೆಂಡು ಸಾಕು. ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಬೇಕು. ರಾತ್ರಿ ಪಾಳಿಯಲ್ಲಿ 30 ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸ್ ಪ್ರತಿಯೊಬ್ಬರ ಉಸಿರನ್ನೂ ಎಣಿಸಲು ಹೊರಟರೆ ಒಂದು ಸುತ್ತಿಗೆ ಅದೊಂದಕ್ಕೇ ಅರ್ಧ ಗಂಟೆ. ಡ್ರಿಪ್ ಬದಲಿಸುವುದು, ಇಂಜೆಕ್ಷನ್, ಹೊಸ ದಾಖಲಾತಿ, ಫೋನು ಎಲ್ಲವೂ ಅದರ ನಡುವೆಯೇ ಆಗಬೇಕು. '18' ಎಂದು ಬರೆಯುವ ಕೈಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಬರೆದದ್ದನ್ನು ನೋಡಿ ಪ್ರಶ್ನಿಸುವ ಡಾಕ್ಟರೂ ಇಲ್ಲದಿದ್ದಾಗ ಎಣಿಸುವವರಿಗೆ ಅದರ ಬೆಲೆ ತಿಳಿಯುವುದಾದರೂ ಹೇಗೆ?

ಎಣಿಸುವ ಕ್ರಮ

ಕ್ರಮ ಸರಳ. ರೋಗಿ ಕೆಲವು ನಿಮಿಷ ವಿಶ್ರಾಂತಿ ಪಡೆದಿರಬೇಕು. ಆಗಷ್ಟೇ ಶೌಚಾಲಯಕ್ಕೆ ಹೋಗಿ ಬಂದವರ, ಊಟ ಮಾಡುತ್ತಿರುವವರ, ಮಾತಾಡುತ್ತಿರುವವರ ಉಸಿರು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್ ಕಣ್ಣೆದುರು ಇರಬೇಕು. ಎದೆಯ ಏರಿಳಿತ ಕಾಣದಿದ್ದರೆ ಹೊದಿಕೆ ಸರಿಸಿ ಹೊಟ್ಟೆಯನ್ನು ನೋಡಬಹುದು. ಒಂದು ನಿಮಿಷ ಪೂರ್ತಿ ಎಣಿಸಬೇಕು.

ಇಲ್ಲಿ ಒಂದು ಹಳೆಯ ಉಪಾಯವಿದೆ. 'ನಿಮ್ಮ ಉಸಿರು ಎಣಿಸುತ್ತೇನೆ' ಎಂದು ಹೇಳಿದ ಕೂಡಲೇ ಯಾರ ಉಸಿರೂ ಮೊದಲಿನಂತೆ ಇರುವುದಿಲ್ಲ. ನಾಡಿ, ಬಿಪಿ ಯಾವುದೂ ರೋಗಿಯ ಇಚ್ಛೆಯಂತೆ ನಡೆಯುವುದಲ್ಲ. ಉಸಿರು ಮಾತ್ರ ಅರ್ಧ ಅವರ ಕೈಯಲ್ಲಿರುವುದು. ಹಾಗಾಗಿ ಅನುಭವಿ ನರ್ಸುಗಳು ನಾಡಿ ಎಣಿಸಿದ ಮೇಲೂ ಮಣಿಕಟ್ಟನ್ನು ಬಿಡುವುದಿಲ್ಲ. ನಾಡಿಯನ್ನೇ ನೋಡುತ್ತಿರುವಂತೆ ಕೈ ಹಿಡಿದುಕೊಂಡು ಎದೆಯ ಕಡೆ ಕಣ್ಣು ಹಾಯಿಸುತ್ತಾರೆ. ರೋಗಿಯ ಕೈಯನ್ನು ಅವರ ಎದೆಯ ಮೇಲೇ ಇಟ್ಟು ಹಿಡಿದುಕೊಂಡರೆ ಏರಿಳಿತ ಕೈಗೂ ತಿಳಿಯುತ್ತದೆ. ನಿದ್ದೆಯಲ್ಲಿರುವವರ ಉಸಿರು ಎಣಿಸುವುದು ಎಲ್ಲಕ್ಕಿಂತ ಸುಲಭ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬಹಳ ಕಡೆ ಬಳಕೆಯಲ್ಲಿದೆ. ಅದರ ದೋಷ ಗಣಿತದಲ್ಲೇ ಇದೆ. ಹಾಗೆ ಎಣಿಸಿದರೆ ಬರುವ ಉತ್ತರಗಳು 12, 16, 20, 24, 28 ಮಾತ್ರ. ನಡುವಿನ ಅಂಕಿಗಳಿಗೆ ಜಾಗವೇ ಇಲ್ಲ. ನಿಜವಾಗಿ ನಿಮಿಷಕ್ಕೆ 22 ಬಾರಿ ಉಸಿರಾಡುತ್ತಿರುವವರು ಚಾರ್ಟಿನಲ್ಲಿ 20 ಆಗುತ್ತಾರೆ, ಇಲ್ಲವೇ 24 ಆಗುತ್ತಾರೆ. ಒಂದು ಉಸಿರು ತಪ್ಪಿ ಹೋದರೆ ನಾಲ್ಕರ ವ್ಯತ್ಯಾಸ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವುದು ಇದಕ್ಕಿಂತ ವಾಸಿ, ಆದರೆ ಏರುಪೇರಾದ ಉಸಿರಿಗೆ ಅದೂ ಸಾಲದು.

ಸಂಖ್ಯೆಯ ಜೊತೆಗೆ ಉಸಿರಿನ ರೀತಿಯನ್ನೂ ನೋಡಬೇಕಾಗುತ್ತದೆ. ಮೂಗಿನ ಹೊಳ್ಳೆ ಅರಳುವುದು, ಕುತ್ತಿಗೆಯ ಸ್ನಾಯುಗಳು ಬಿಗಿಯುವುದು, ಪಕ್ಕೆಲುಬುಗಳ ಸಂದಿ ಒಳಕ್ಕೆ ಎಳೆದುಕೊಳ್ಳುವುದು, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿರುವುದು ಇವೆಲ್ಲ ಕಷ್ಟದ ಗುರುತು. ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದವರು ಆಳವಾಗಿ, ಬಿರುಸಾಗಿ, ಎಡೆಬಿಡದೆ ಉಸಿರೆಳೆಯುತ್ತಾರೆ. ಜರ್ಮನಿಯ ಕುಸ್‌ಮೌಲ್ 1874ರಲ್ಲಿ ವಿವರಿಸಿದ ಈ ಉಸಿರಿಗೆ ಇಂದಿಗೂ ಅವರದೇ ಹೆಸರು.

ಅಂಕಗಳ ಲೆಕ್ಕಾಚಾರ

ಒಂದು ಅಂಕಿಯನ್ನು ಬರೆದಿಟ್ಟರೆ ಸಾಲದು, ಅದನ್ನು ನೋಡಿ ಯಾರು ಯಾವಾಗ ಓಡಿ ಬರಬೇಕೆಂಬುದೂ ನಿಗದಿಯಾಗಬೇಕು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್' ಎಂಬ ಅಂಕಪದ್ಧತಿ ಮಾಡುವುದು ಅದನ್ನೇ. ಸುದ್ದಿಗೂ ಇದಕ್ಕೂ ಸಂಬಂಧವಿಲ್ಲ. ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಆದ ಹೆಸರದು. ಉಸಿರು, ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರದ ಸ್ಥಿತಿ, ಮೈಬಿಸಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಶಾಲೆಯ ಪರೀಕ್ಷೆಯಂತಲ್ಲ, ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಈ ಚಾರ್ಟಿನ ಮೊಟ್ಟಮೊದಲ ಸಾಲೇ ಉಸಿರಿನದು. 12ರಿಂದ 20ರವರೆಗೆ ಸೊನ್ನೆ ಅಂಕ. 9ರಿಂದ 11 ಇದ್ದರೆ ಒಂದು. 21ರಿಂದ 24 ಇದ್ದರೆ ಎರಡು. 25 ಮುಟ್ಟಿದರೆ, ಅಥವಾ 8ಕ್ಕೆ ಇಳಿದರೆ ಮೂರು. ಯಾವುದೇ ಒಂದರಲ್ಲಿ ಮೂರು ಬಂದರೂ ಡಾಕ್ಟರಿಗೆ ತಿಳಿಸಬೇಕು. ಒಟ್ಟು ಐದಾದರೆ ತುರ್ತಾಗಿ ಬಂದು ನೋಡಬೇಕು. ಏಳಾದರೆ ತೀವ್ರ ನಿಗಾ ತಂಡವನ್ನೇ ಕರೆಸಬೇಕು. ಹದಿನೈದು ಸೆಕೆಂಡಿನ ಅಡ್ಡದಾರಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. 22 ಇದ್ದವರನ್ನು 20 ಎಂದು ಬರೆದರೆ ಎರಡು ಅಂಕ ಸೊನ್ನೆಯಾಗಿ, ಐದಾಗಬೇಕಿದ್ದ ಮೊತ್ತ ಮೂರಕ್ಕೆ ನಿಂತು, ಯಾರೂ ಬರದೆ ಬೆಳಗಾಗಬಹುದು.

ಭಾರತದಲ್ಲಿ ಉಸಿರಿನ ಲೆಕ್ಕ ಒಮ್ಮೆ ಚರ್ಚೆಗೆ ಬಂದದ್ದು 2020 ಮತ್ತು 2021ರ ಕೊರೊನಾ ಕಾಲದಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ನಿಮಿಷಕ್ಕೆ 24 ಉಸಿರು ಮುಟ್ಟಿದವರನ್ನು ಮಧ್ಯಮ, 30 ದಾಟಿದವರನ್ನು ತೀವ್ರ ಎಂದು ವಿಂಗಡಿಸಿತ್ತು. ಅದರ ಪಕ್ಕದಲ್ಲೇ ಆಕ್ಸಿಮೀಟರಿನ ಅಂಕಿಗಳೂ ಇದ್ದವು. ಜನ ಹಿಡಿದುಕೊಂಡದ್ದು ಆಕ್ಸಿಮೀಟರನ್ನು ಮಾತ್ರ. ಮನೆಮನೆಗೆ ಆಕ್ಸಿಮೀಟರ್ ಬಂದಿತು. ಕಾಸು ಖರ್ಚಿಲ್ಲದ ಎಣಿಕೆ ಮರೆತುಹೋಯಿತು.

ಆಕ್ಸಿಮೀಟರ್ ಒಳ್ಳೆಯ ಸಾಧನವೇ. ಆದರೆ ಎರಡು ಸಂದರ್ಭಗಳಲ್ಲಿ ಅದು ತಡವಾಗಿ ಮಾತಾಡುತ್ತದೆ. ರೋಗಿ ಹೆಣಗಾಡಿ ನಿಮಿಷಕ್ಕೆ 30 ಬಾರಿ ಉಸಿರೆಳೆದು ಆಮ್ಲಜನಕವನ್ನು 96ರಲ್ಲಿ ಉಳಿಸಿಕೊಂಡಿರಬಹುದು. ಬೆರಳಿನ ಯಂತ್ರಕ್ಕೆ 96 ಕಾಣುತ್ತದೆಯೇ ಹೊರತು ಹೆಣಗಾಟ ಕಾಣುವುದಿಲ್ಲ. ಮಾಸ್ಕಿನಲ್ಲಿ ಆಮ್ಲಜನಕ ಕೊಡುತ್ತಿರುವಾಗ ಇದರ ತಿರುವು ಮುರುವು ಆಗಬಹುದು. ಉಸಿರು ನಿಮಿಷಕ್ಕೆ ಎಂಟಕ್ಕೋ ಆರಕ್ಕೋ ಇಳಿದು ಇಂಗಾಲದ ಡೈ ಆಕ್ಸೈಡ್ ಒಳಗೇ ಏರುತ್ತಿದ್ದರೂ ಯಂತ್ರ 98 ಎಂದೇ ತೋರಿಸುತ್ತಿರುತ್ತದೆ.

ನಿಧಾನವಾಗುವ ಉಸಿರು

ಜೋರಾದ ಉಸಿರು ಕಣ್ಣಿಗೆ ಬೀಳುತ್ತದೆ. ನಿಧಾನವಾದದ್ದು ನಿದ್ದೆಯಂತೆ ಕಾಣುವುದರಿಂದ ಹೆಚ್ಚು ಮೋಸದ್ದು. ಶಸ್ತ್ರಕ್ರಿಯೆಯ ನಂತರ ನೋವಿಗೆ ಮಾರ್ಫಿನ್ ಜಾತಿಯ ಔಷಧ ಪಡೆದವರು 'ಪಾಪ, ಈಗ ನಿದ್ದೆ ಹತ್ತಿತು' ಎನ್ನುವಂತೆ ಮಲಗಿರುವಾಗ ಉಸಿರಿನ ಕೇಂದ್ರವೇ ಮಂಕಾಗುತ್ತಿರಬಹುದು. ಸಮಯಕ್ಕೆ ಗೊತ್ತಾದರೆ ನಲೊಕ್ಸೋನ್ ಎಂಬ ಪ್ರತ್ಯೌಷಧವಿದೆ.

ಹೆರಿಗೆ ವಾರ್ಡಿನಲ್ಲಿ ಈ ಅಂಕಿಗೆ ಇನ್ನೂ ನೇರವಾದ ಕೆಲಸವಿದೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಜೀವ ಉಳಿಸುವ ಔಷಧವದು. ಮೈಯಲ್ಲಿ ಹೆಚ್ಚಾದರೆ ಉಸಿರನ್ನೇ ನಿಲ್ಲಿಸಬಲ್ಲದು. ಅದಕ್ಕಾಗಿ ಪ್ರತಿ ಮುಂದಿನ ಡೋಸ್ ಕೊಡುವ ಮೊದಲು ಮೂರು ಪರೀಕ್ಷೆಗಳು ಕಡ್ಡಾಯ: ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆ ಇರಬಾರದು, ಮಂಡಿಯ ಕೆಳಗೆ ತಟ್ಟಿದರೆ ಕಾಲು ಜಿಗಿಯಬೇಕು, ಹಿಂದಿನ ನಾಲ್ಕು ಗಂಟೆಗಳಲ್ಲಿ ಗಂಟೆಗೆ ಕನಿಷ್ಠ 30 ಮಿಲಿಲೀಟರಿನಂತೆ ಮೂತ್ರ ಹೋಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಡೋಸನ್ನು ತಡೆಹಿಡಿಯಬೇಕು. ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆ ಸಿಗುವಂತಿರಬೇಕು. ಎಣಿಸದೆ ಬರೆದ 18ಕ್ಕೆ ಈ ವಾರ್ಡಿನಲ್ಲಿ ಕ್ಷಮೆಯಿಲ್ಲ.

ಕಟ್ಟುಹಾವು ಕಡಿದಾಗ ವಿಷ ನರಗಳಿಗೆ ಏರಿ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕಡಿದ ಜಾಗದಲ್ಲಿ ಊತವಾಗಲಿ ನೋವಾಗಲಿ ಇಲ್ಲದೆ, ಮೊದಲು ರೆಪ್ಪೆ ಜೋತುಬಿದ್ದು ಆಮೇಲೆ ಉಸಿರು ಕುಗ್ಗುವುದುಂಟು. ಇಂಥವರ ವಿಷಯದಲ್ಲಿ ಎಣಿಕೆಯನ್ನು ರೋಗಿಯಿಂದಲೇ ಮಾಡಿಸುವ ಒಂದು ಸರಳ ಪರೀಕ್ಷೆ ಇದೆ. ಆಳವಾಗಿ ಉಸಿರೆಳೆದುಕೊಂಡು, ಅದೊಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುವಂತೆ ಹೇಳುತ್ತಾರೆ. ಬಂದಾಗ 25ರವರೆಗೆ ಹೋದವರು ಗಂಟೆ ಕಳೆದ ಮೇಲೆ 12ಕ್ಕೆ ನಿಂತರೆ ವೆಂಟಿಲೇಟರ್ ಸಿದ್ಧಮಾಡಿಕೊಳ್ಳಬೇಕೆಂದು ಅರ್ಥ.

ಆಸ್ತಮಾ ಕೆರಳಿ ನಿಮಿಷಕ್ಕೆ 36 ಬಾರಿ ತೇಕುತ್ತಿದ್ದವರ ಉಸಿರು ತಟ್ಟನೆ 14ಕ್ಕೆ ಇಳಿದು ಜೊಂಪು ಹತ್ತಿದರೆ ಮನೆಯವರು ಸಮಾಧಾನಪಡುತ್ತಾರೆ. ಅದು ಗುಣವಾದದ್ದಲ್ಲ, ದಣಿದು ಸೋತದ್ದು ಇರಬಹುದು. ಉಸಿರು ಇಳಿದಾಗ ಮುಖದಲ್ಲಿ ಗೆಲುವು ಬಂದಿದೆಯೇ, ಮಾತು ಸಲೀಸಾಗಿದೆಯೇ ಎಂದು ನೋಡದೆ ಇಳಿದದ್ದಕ್ಕೆ ಸಂತೋಷಪಡುವ ಹಾಗಿಲ್ಲ.

ವೆಲ್ಲೂರು, ಗಡಚಿರೋಲಿ

ಉಸಿರಿನ ಎಣಿಕೆಗೆ ವೈದ್ಯಲೋಕದಲ್ಲಿ ಮರ್ಯಾದೆ ತಂದುಕೊಟ್ಟದ್ದು ಮಕ್ಕಳ ನ್ಯುಮೋನಿಯಾ. ಎಕ್ಸ್‌ರೇ ಇಲ್ಲದ, ಸ್ಟೆತಸ್ಕೋಪ್ ಹಿಡಿದು ಕೇಳಬಲ್ಲವರಿಲ್ಲದ ಊರುಗಳಲ್ಲಿ ಕೆಮ್ಮುವ ಮಗುವಿಗೆ ಬರೀ ನೆಗಡಿಯೋ ನ್ಯುಮೋನಿಯಾವೋ ಎಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಪಪುವಾ ನ್ಯೂಗಿನಿಯಲ್ಲಿ ಕೆಲಸ ಮಾಡಿದ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ಉತ್ತರ ಪ್ರಕಟಿಸಿದರು: ನಿಮಿಷಕ್ಕೆ 50 ದಾಟಿದರೆ ಔಷಧ ಕೊಡಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದನ್ನು ಮುಂದುವರಿಸಿ ವರ್ಷ ದಾಟಿದ ಮಕ್ಕಳಿಗೆ 40ರ ಗೆರೆಯೇ ಸೂಕ್ತವೆಂದು 1988ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಗೆರೆಗಳು ಹೀಗಿವೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇವನ್ನು ಮುಟ್ಟಿದರೆ ವೇಗದ ಉಸಿರು.

ಮಹಾರಾಷ್ಟ್ರದ ಪೂರ್ವ ತುದಿಯ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಸೂಲಗಿತ್ತಿಯರಿಗೆ ಅಕ್ಷರ ಬರುತ್ತಿರಲಿಲ್ಲ. ಹತ್ತು ಹನ್ನೆರಡರ ಆಚೆಗೆ ಎಣಿಸುವುದೂ ಅವರಿಗೆ ಕಷ್ಟವಾಗಿತ್ತು. ಬಂಗ್ ದಂಪತಿಗಳು ಒಂದು ನಿಮಿಷದ ಮರಳು ಗಡಿಯಾರಕ್ಕೆ ಮಣಿಗಳನ್ನು ಜೋಡಿಸಿದ ಸಾಧನವೊಂದನ್ನು ಮಾಡಿದರು. ಹತ್ತು ಉಸಿರಾದಾಗ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. ಊರಿನಲ್ಲೇ ಎಣಿಸಿ ಊರಿನಲ್ಲೇ ಔಷಧ ಕೊಟ್ಟದ್ದರಿಂದ ಮಕ್ಕಳ ಸಾವು ಕಡಿಮೆಯಾಯಿತೆಂದು ತೋರಿಸಿದ ಅವರ ಅಧ್ಯಯನ 1990ರಲ್ಲಿ ಅದೇ ಲಾನ್ಸೆಟ್‌ನಲ್ಲಿ ಬಂದಿತು. ಇಂದು ಆಶಾ ಕಾರ್ಯಕರ್ತೆಯರು ಹಸುಗೂಸಿನ ಮನೆಗೆ ಬಂದು ವಾಚ್ ನೋಡುತ್ತ ಉಸಿರು ಎಣಿಸುವುದರ ಹಿಂದೆ ಗಡಚಿರೋಲಿಯ ಅನುಭವವಿದೆ. ಸೂಲಗಿತ್ತಿಯರು ಮಾಡಿದ ಕೆಲಸವನ್ನು ದೊಡ್ಡ ಆಸ್ಪತ್ರೆಗಳ ವಾರ್ಡುಗಳು ಮಾಡಲಾರವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮಗು ಅಳುತ್ತಿರುವಾಗ, ಹಾಲು ಕುಡಿಯುತ್ತಿರುವಾಗ ಎಣಿಸಬಾರದು. ಅಂಗಿ ಎತ್ತಿ ಹೊಟ್ಟೆ ನೋಡಬೇಕು. ಹಸುಗೂಸುಗಳು ಐದು ಹತ್ತು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಎಳೆದುಕೊಳ್ಳುವುದು ಸಹಜವಾದ್ದರಿಂದ ಪೂರ್ತಿ ನಿಮಿಷ ಎಣಿಸದೆ ಗತ್ಯಂತರವಿಲ್ಲ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಚಿತಪಡಿಸಿಕೊಳ್ಳಬೇಕು. ನಿಲುಗಡೆ 20 ಸೆಕೆಂಡು ದಾಟಿದರೆ ಅದು ತುರ್ತು.

ಯಂತ್ರಗಳು ಎಲ್ಲಿಗೆ ಬಂದಿವೆ

ಐಸಿಯುಗಳಲ್ಲಿ ಎದೆಗೆ ಅಂಟಿಸುವ ಇಸಿಜಿ ಸ್ಟಿಕ್ಕರುಗಳೇ ಉಸಿರನ್ನೂ ಎಣಿಸುತ್ತವೆ. ಎದೆಯಲ್ಲಿ ಗಾಳಿ ತುಂಬಿದಾಗ ವಿದ್ಯುತ್ತಿಗೆ ಒಡ್ಡುವ ತಡೆ ಬದಲಾಗುತ್ತದೆ. ಮಾನಿಟರ್ ಆ ಬದಲಾವಣೆಯನ್ನು ಲೆಕ್ಕವಿಡುತ್ತದೆ. ರೋಗಿ ಹೊರಳಿದರೆ, ನಡುಗಿದರೆ ಲೆಕ್ಕ ಕೆಡುತ್ತದೆ. ಗಂಟಲು ಮುಚ್ಚಿಕೊಂಡು ಗಾಳಿ ಒಳಗೆ ಹೋಗದಿದ್ದರೂ ಎದೆ ಅಲುಗುತ್ತಿರುವವರೆಗೆ ಅದು ಎಣಿಸುತ್ತಲೇ ಇರುತ್ತದೆ. ಹೊರಬರುವ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನೇ ಅಳೆಯುವ ಕ್ಯಾಪ್ನೋಗ್ರಾಫ್ ಇದಕ್ಕಿಂತ ನಂಬಿಕೆಗೆ ಅರ್ಹ. ಆದರೆ ಅದರ ಜಾಗ ಹೆಚ್ಚಾಗಿ ಆಪರೇಷನ್ ಥಿಯೇಟರು.

ಹಾಸಿಗೆಯ ಕೆಳಗೆ ತೆಳುವಾದ ಹಾಳೆಯಿಟ್ಟು ಮೈಯ ಸೂಕ್ಷ್ಮ ಅಲುಗಾಟದಿಂದ ಹೃದಯಬಡಿತವನ್ನೂ ಉಸಿರನ್ನೂ ಲೆಕ್ಕ ಹಾಕುವ ಸಾಧನಗಳು ಈಚಿನವು. ಬೆಂಗಳೂರಿನಲ್ಲಿ 2015ರಲ್ಲಿ ಆರಂಭವಾದ ಡೋಝೀ ಸಂಸ್ಥೆಯ ಉಪಕರಣ ಈ ಬಗೆಯದು. ಕೊರೊನಾ ಕಾಲದಲ್ಲಿ ಸಾಮಾನ್ಯ ವಾರ್ಡಿನ ಮಂಚಗಳಿಗೂ ಅದನ್ನು ಅಳವಡಿಸಲಾಯಿತು. ಮಂಚದಿಂದ ಎದ್ದು ಹೋದವರನ್ನು ಅದು ನೋಡಲಾರದು. ಅಲಾರಂ ಕೇಳಿ ಬರುವವರು ಇಲ್ಲದಿದ್ದರೆ ಯಾವ ಯಂತ್ರವೂ ಅಷ್ಟೇ.

ಗಡಿನಾಡಿನ ರೋಗಿ ಮತ್ತು ಮಾತು

ಗಡಿಯಾಚೆಯ ಕನ್ನಡಿಗರಿಗೆ ಈ ಅಂಕಿಯಿಂದ ಇನ್ನೊಂದು ಉಪಯೋಗವಿದೆ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ ಅಥವಾ ಮೈಸೂರಿಗೆ, ಮಡಕಶಿರಾ ಕಡೆಯವರು ಬೆಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ, ಜತ್ತದವರು ಮಿರಜಕ್ಕೋ ವಿಜಯಪುರಕ್ಕೋ ಓಡುವುದು ನಡೆದೇ ಇದೆ. ಊರಿನ ಆಸ್ಪತ್ರೆಯ ಭಾಷೆ ಒಂದು, ಹೋಗಿ ಸೇರುವ ಆಸ್ಪತ್ರೆಯ ಭಾಷೆ ಇನ್ನೊಂದು. ಉಸಿರಿನ ಕಷ್ಟಕ್ಕಂತೂ ಪ್ರತಿ ಸೀಮೆಗೂ ಅದರದೇ ಮಾತು. ಏದುಸಿರು, ಮೇಲುಸಿರು, ಉಬ್ಬಸ, ತೇಕು ಎಂಬುವು ಒಂದೆಡೆಯಾದರೆ ಸೊಲ್ಲಾಪುರ, ಜತ್ತದ ಕಡೆ 'ದಮ್ಮು ಹತ್ತೈತಿ' ಎನ್ನುತ್ತಾರೆ. ತಮಿಳಿನವರು 'ಮೂಚ್ಚು ವಾಂಗುದು' ಎಂದರೆ ಮರಾಠಿಯವರು 'ಧಾಪ ಲಾಗತೇ' ಎನ್ನುತ್ತಾರೆ. ಎಲ್ಲಕ್ಕಿಂತ ಎಡವಟ್ಟಿನ ಮಾತು 'ಆಯಾಸ'. ಕನ್ನಡದಲ್ಲಿ ಅದು ಬರೀ ದಣಿವು. ತೆಲುಗಿನಲ್ಲಿ 'ಆಯಾಸಂ' ಎಂದರೆ ಏದುಸಿರು. ಎರಡೂ ಭಾಷೆ ಬೆರೆತ ಮಡಕಶಿರಾ, ರಾಯದುರ್ಗದ ಕಡೆಯಿಂದ ಬಂದ ಅಜ್ಜಿ 'ಭಾಳ ಆಯಾಸ' ಎಂದರೆ ಕನ್ನಡವಷ್ಟೇ ಬಲ್ಲ ಡಾಕ್ಟರು ಸುಸ್ತಿಗೆ ಟಾನಿಕ್ ಬರೆದರೂ ಆಶ್ಚರ್ಯವಿಲ್ಲ. ನಿಮಿಷಕ್ಕೆ 28 ಎಂಬುದು ಐದೂ ಭಾಷೆಗಳಲ್ಲಿ 28.

ದೂರವೂ ಒಂದು ಸಮಸ್ಯೆ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ದಾಟಬೇಕು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳ ಆಂಬ್ಯುಲೆನ್ಸುಗಳೇ ನಿಂತುಹೋದದ್ದು ಜನರಿಗೆ ನೆನಪಿದೆ. ಯಾರನ್ನು ಇವತ್ತೇ ಕಳುಹಿಸಬೇಕು, ಯಾರು ನಾಳೆಯವರೆಗೆ ತಡೆಯಬಲ್ಲರು ಎಂದು ನಿರ್ಧರಿಸುವಾಗ ಸಣ್ಣ ಆಸ್ಪತ್ರೆಯ ಕೈಯಲ್ಲಿರುವುದು ಚಾರ್ಟು. ಅದರಲ್ಲೂ ಒಂದು ಅಂಕಿಗಿಂತ ಅಂಕಿಗಳ ಸಾಲು ಮುಖ್ಯ. ಬೆಳಿಗ್ಗೆ 18, ಮಧ್ಯಾಹ್ನ 22, ಸಂಜೆ 26 ಎಂದಿದ್ದರೆ ರಾತ್ರಿಗಾಗಿ ಕಾಯುವ ಹಾಗಿಲ್ಲ. ಹಳೆಯ ಬೀಡಿ ಸೇದುವವರ, ದಮ್ಮಿನ ರೋಗಿಗಳ ಉಸಿರು ಯಾವಾಗಲೂ 22, 24 ಇರುವುದುಂಟು. ಅವರಿಗೆ ಅವರ ಮಾಮೂಲಿ ಅಂಕಿಯೊಡನೆ ಹೋಲಿಸಿ ನೋಡಬೇಕು. ಜ್ವರ, ನೋವು, ಗಾಬರಿ ಕೂಡ ಉಸಿರನ್ನು ಏರಿಸುತ್ತವೆ. ಆದ್ದರಿಂದ 24 ಎಂಬುದು ಕಾಯಿಲೆಯ ಹೆಸರಲ್ಲ, ಬಂದು ನೋಡಿ ಎಂಬ ಕರೆ ಮಾತ್ರ.

ರೋಗಿಯ ಜೊತೆಗೆ ಉಳಿಯುವ ಮನೆಯವರು ಇದನ್ನು ಎಣಿಸಬಾರದೆಂಬ ನಿಯಮವೇನೂ ಇಲ್ಲ. ನರ್ಸಿನ ಕೆಲಸವನ್ನು ತಾವು ಮಾಡುವುದಕ್ಕಲ್ಲ, ಅವರನ್ನು ಕರೆಯುವಾಗ ಹೇಳಲು ಒಂದು ಖಚಿತ ಮಾತಿರಲಿ ಎಂಬುದಕ್ಕೆ. 'ಅಪ್ಪನಿಗೆ ಯಾಕೋ ಸರಿಯಿಲ್ಲ' ಎನ್ನುವುದಕ್ಕೂ 'ಹತ್ತು ಗಂಟೆಗೆ 20 ಇತ್ತು, ಈಗ ನಿದ್ದೆಯಲ್ಲೇ 28 ಇದೆ' ಎನ್ನುವುದಕ್ಕೂ ಡ್ಯೂಟಿ ಡಾಕ್ಟರ ಕಿವಿಯಲ್ಲಿ ಬಹಳ ಅಂತರವಿದೆ. ಚೀಟಿಯಲ್ಲಿ ಎಣಿಸಿದ ಗಂಟೆ, ಸಂಖ್ಯೆ, ಆಗ ರೋಗಿ ಎಚ್ಚರವಿದ್ದರೋ ನಿದ್ದೆಯಲ್ಲಿದ್ದರೋ, ಆಮ್ಲಜನಕದ ಮಾಸ್ಕ್ ಹಾಕಿತ್ತೋ ಇಲ್ಲವೋ ಇಷ್ಟನ್ನು ಬರೆದುಕೊಂಡರೆ ಸಾಕು. ಬೇರೆ ಆಸ್ಪತ್ರೆಗೆ ಕಳುಹಿಸುವಾಗ ರೆಫರಲ್ ಪತ್ರದಲ್ಲಿ ಉಸಿರಿನ ಕಾಲಂ ಖಾಲಿ ಉಳಿದಿದ್ದರೆ ಆಂಬ್ಯುಲೆನ್ಸ್ ಹತ್ತುವ ಮೊದಲೇ ಕೇಳಿ ಬರೆಸಿಕೊಳ್ಳಬಹುದು; ಅದಕ್ಕೆ ಹಿಡಿಯುವುದು ಒಂದು ನಿಮಿಷ.